ಕಡದದ್ದು ಖರೆ

ರಬಕವಿ
೩ ಮಾರ್ಚ್ ೨೦೨೫

ಅಂಜಿ,

ಕಾಗದ ನೋಡಿ ಗಾಬ್ರಿ ಆಗಬ್ಯಾಡ, ಯಾರೂ ಸತ್ತಿಲ್ಲ. ನನ್ನ ಫೋನ್ ಪೊಲೀಸರು ಜಪ್ತಿ ಮಾಡ್ಯಾರ. ನಿಮ್ಮ ಮಾಮಾನ ಫೋನಿನ್ಯಾಗ ಮಾತಾಡಿದ್ರ ಓಣಿ ತುಂಬ ಕೇಳ್ತೈತಿ. ಅವರಿಗೆ ಕಿವಿ ಮಂದ, ಸ್ಪೀಕರ್ ಹಚ್ಚೇ ಇರ್ತಾರ. ಅದಕ್ಕ ಸಾಲಿ ಹುಡುಗ್ಯಾರಂಗ ಪೆನ್ ಹಿಡಕೊಂಡು ಕುಂತೇನಿ. ಅಕ್ಷರ ಸೊಟ್ಟ ಆದ್ರ ನಗಬ್ಯಾಡ.

ಸುದ್ದಿ ನಿನ್ನ ಕಿವಿಗೆ ಬಿದ್ದಿರಬೇಕು. ಬಾಳಾಸಾಹೇಬರ ಮಗ ಕಲ್ಮೇಶ, ನಾ ದುಡಿಯೂ ಮಗ್ಗದ ಶೆಡ್ಡಿನ ಸಣ್ಣ ಮಾಲಕ, ಮಧ್ಯಾಹ್ನ ಕರೆಂಟ್ ಹೋದಾಗ ಮೈ ಮ್ಯಾಲ ಬಂದ. ಮಂದಿ ಎಲ್ಲಾ ಚಾಕ್ಕ ಹೊರಗ ಹೋಗಿದ್ರು. ನನ್ನ ಜೋಡಿ ದುಡಿಯೂ ಮಧುಮತಿ ಒಬ್ಬಾಕಿ ಬಾಗಿಲದಾಗ ಇದ್ಲು. ನಾ ಅವನ ಕೈ ಕಡದೆ. ಅಂವ ಚೀರಿದ, ನಾ ಹೊರಗ ಬಂದೆ. ಇದಕ್ಕಿಂತ ಹೆಚ್ಚಿಗಿ ಕಾಗದದ ಮ್ಯಾಲ ಬರ್ಯಾಕ ನನಗ ನಾಚ್ಕಿ ಆಗ್ತೈತಿ.

ತಪ್ಪ ಮಾಡಿದಾಂವ ಓಡಿ ಹೋಗ್ತಾನ, ನಾ ಯಾಕ ಓಡ್ಲಿ ಅಂತ ನೆಟ್ಟಗ ಠಾಣೆಗೆ ಹೋದೆ, ನನ್ನ ಕಾಲಿಲೆ. ಕುರ್ಚಿ ಕೊಟ್ರು, ನೀರ ಕೊಟ್ರು. ಆದದ್ದು ಆದಂಗ ಹೇಳಿದೆ. ಬರಕೊಂಡ್ರು. ಸಹಿ ಮಾಡು ಅಂದ್ರು, ಮಾಡಿದೆ. ಅಷ್ಟರಾಗ ಬಾಳಾಸಾಹೇಬರು ಕಾರಿನ್ಯಾಗ ಬಂದ್ರು, ಮಗನ ಕೈಗೆ ಪಟ್ಟಿ ಕಟ್ಟಿಸ್ಕೊಂಡು. ಒಳಗ ಹೋಗಿ ಬಾಗಲ ಹಾಕ್ಕೊಂಡ್ರು. ಬಾಗಲ ತಗದ ಮ್ಯಾಲ ನನ್ನ ಕುರ್ಚಿ ಬಿಡಿಸಿ ನೆಲದ ಮ್ಯಾಲ ಕುಂದ್ರಿಸಿದ್ರು. ಶೆಡ್ಡಿಗೆ ಕರಕೊಂಡು ಹೋಗಿ ನನ್ನ ಮಗ್ಗದ ಮ್ಯಾಲಿದ್ದ ಕತ್ತರಿ ಅರಿವ್ಯಾಗ ಸುತ್ತಿ ಅರಗು ಒತ್ತಿದ್ರು. ಫೋನ್ ಕಸಗೊಂಡ್ರು. ನಾಕ ದಿನ ಒಳಗ ಇಟ್ಟು ಜಾಮೀನ ಮ್ಯಾಲ ಬಿಟ್ಟಾರ.

ಫಿರ್ಯಾದಿ ಕೊಡಾಕ ಹೋದಾಕಿ ಆರೋಪಿ ಆಗಿ ಮನಿಗೆ ಬಂದೆ. ನೀ ಠಾಣೆದಾಗ ಬರ್ಯೂ ಕೆಲಸನ ಮಾಡ್ತಿ. ಇದು ಹ್ಯಾಂಗ ಆತು ಅಂತ ನನಗ ಬಿಡಿಸಿ ಹೇಳು.

ಮುಧೋಳದಾಗ ನಿಮ್ಮತ್ತಿ ಹತ್ರ ನಿನ್ನ ಕೂಸು ಆರಾಮ ಐತಿ. ಜಾಮೀನ ಆದ ಮ್ಯಾಲ ಹೋಗಿ ನೋಡಿ ಬಂದೆ. ಅವ್ವ ಎಂದ ಬರ್ತಾಳ ಅಂತ ಕೇಳ್ತು. ಏನ ಹೇಳ್ಲಿ?

ನಿಮ್ಮಕ್ಕ
ತಾರವ್ವ


ಚಾಮರಾಜನಗರ ಜಿಲ್ಲೆ
೧೪ ಮಾರ್ಚ್ ೨೦೨೫

ಅಕ್ಕಾ,

ನಿನ್ನ ಪತ್ರ ಬಂದ ದಿನಾನೇ ಎಫ್‌ಐಆರ್ ತೆಗೆದು ಓದಿದೆ. ಅಲ್ಲಿ ನನ್ನ ಬ್ಯಾಚಿನವಳು ಒಬ್ಬಳಿದ್ದಾಳೆ, ಅವಳನ್ನೂ ಕೇಳಿದೆ. ಒಂದು ಮಾತು ಬಿಚ್ಚಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಸಿಟ್ಟು ಬಂದ್ರೆ ಕಪಾಳಕ್ಕೆ ಹೊಡಿ. ಚಪ್ಪಲಿ ತಗೋ. ಹೆಣ್ಣುಮಗಳು, ಮಾನಕ್ಕೆ ಅಂಜಿ ಹೊಡೆದಳು ಅಂತ ಜನ ನಿನ್ನ ಕಡೆನೇ ನಿಲ್ತಿದ್ರು. ಕತ್ತರಿ ಯಾಕೆ ಎತ್ತಿದಿ?

ನೀ ತಿಳ್ಕೊಂಡಂಗೆ ಗುನ್ನೆ ಅನ್ನೋದು ಮನಸ್ಸಲ್ಲಿರೋದಲ್ಲ ಅಕ್ಕಾ, ಪುಸ್ತಕದಲ್ಲಿರೋದು. ಅದೇ ಕೈ, ಅದೇ ಗಾಯ, ಆದ್ರೆ ಬರಿಗೈಲಿ ಹೊಡೆದ್ರೆ ಒಂದು ಕಲಂ, ಹರಿತವಾದ ಆಯುಧ ಹಿಡಿದ್ರೆ ಬೇರೆ ಕಲಂ. ನಿನ್ನ ಮೇಲೆ ಬಿದ್ದಿರೋದು ಮಾರಕಾಯುಧದ ಕಲಂ. ನಿನ್ನ ಹೇಳಿಕೆಯಲ್ಲೇ ನೀನೇ ಒಪ್ಪಿಕೊಂಡಂಗೆ ಬಂದಿದೆ. ಸಹಿ ಬೇರೆ ಹಾಕಿದ್ದೀಯ.

ಈಗ ಮಾಡೋದಿಷ್ಟು. ತಾರೀಖು ತಪ್ಪಿಸಬೇಡ. ಯಾರ ಹತ್ರಾನೂ ಜಾಸ್ತಿ ಮಾತಾಡಬೇಡ. ಬಾಳಾಸಾಹೇಬರು ಕೆಟ್ಟವರಲ್ಲ, ಅವರ ಜೊತೆ ವೈರ ಬೆಳೆಸಬೇಡ. ಮುಂದೆ ಏನಾದ್ರೂ ದಾರಿ ಸಿಗ್ತದೆ.

ಕೂಸಿಗೆ ಅವ್ವ ಬೇಗ ಬರ್ತಾಳೆ ಅಂತ ಹೇಳು.

ಅಂಜನಾ


ರಬಕವಿ
೨೨ ಮಾರ್ಚ್ ೨೦೨೫

ಪೊಲೀಸವ್ವಾ,

ಕತ್ತರಿ ಯಾಕ ಎತ್ತಿದಿ ಅಂತ ಕೇಳ್ತಿ. ನನ್ನ ಕಾಗದ ಇನ್ನೊಮ್ಮೆ ತಗದು ನೋಡು. ಕತ್ತರಿ ಎತ್ತಿದೆ ಅಂತ ನಾ ಎಲ್ಲಿ ಬರದೇನಿ? ಕಡದೆ ಅಂತ ಬರದೇನಿ. ನಾಯಿ ಕಡೀತು ಅಂದ್ರ ನಾಯಿ ಕೈಯಾಗ ಕತ್ತರಿ ಹಿಡಕೊಂಡಿತ್ತೇನು?

ಮಂದಿಗೆ ತಿಳೀಲಿಲ್ಲ ಅಂದ್ರ ತಡಕೋತೀನಿ. ನೀ ನೇಕಾರರ ಮನಿ ಹುಡುಗಿ. ಎಳಿ ಹರದಾಗ ಅವ್ವ ಗಂಟ ಹಾಕಿ, ಮಿಕ್ಕ ತುದಿ ಯಾವದರಿಂದ ಕಡೀತಿದ್ಲು? ಕತ್ತರಿ ಬಾಜೂಕ ಬಿದ್ದಿರ್ತಿತ್ತು, ಆಕಿ ಬಗ್ಗಿ ಹಲ್ಲಿಲೆ ಕಟಕ್ ಅಂತ ಕಡೀತಿದ್ಲು. ಆಕಿ ತೊಡಿ ಮ್ಯಾಲ ಕುಂತು ಅದನ್ನ ನೋಡಕೋತ ಬೆಳದಾಕಿ ನೀ. ನನ್ನ ಮುಂದಿನ ಹಲ್ಲ ಸವದದ್ದು ಎದರಿಂದ ಅಂತ ನೀನ ಆಡಿಸ್ತಿದ್ದಿ. ಅದೆಲ್ಲಾ ಎಲ್ಲಿ ಹೋತು? ಖಾಕಿ ಹಾಕ್ಕೊಂಡ ಕೂಡಲೆ ಅಕ್ಕನ ಮಾತೂ ತಿಳೀದಂಗ ಆತೇನು?

ಇರಲಿ, ನಾಚ್ಕಿ ಬಿಟ್ಟು ಬರೀತೀನಿ. ಹಿಂದಿಂದ ಬಂದ. ಒಂದ ಕೈ ಸೊಂಟಕ್ಕ ಹಾಕಿದ. ಇನ್ನೊಂದ ಕೈ ಬಾಯಿ ಮ್ಯಾಲ ಒತ್ತಿ ಹಿಡದ, ನಾ ಒದರಬಾರದಂತ. ಕಡ್ಲಿ ಇದ್ದಾಂವಗ ಹಲ್ಲಿಲ್ಲ, ಹಲ್ಲಿದ್ದಾಂವಗ ಕಡ್ಲಿ ಇಲ್ಲ ಅಂತಾರ. ನನಗ ಹಲ್ಲೂ ಇದ್ದುವು, ಕಡ್ಲಿ ತಾನ ಬಾಯಿಗೆ ಬಂತು. ಎಲುಬಿಗೆ ಹತ್ತೂ ಹಂಗ ಕಡದೆ. ಇನ್ನೊಮ್ಮೆ ಬಂದ್ರ ಇನ್ನೊಮ್ಮೆ ಕಡೀತೀನಿ.

ಈಗ ವಿಚಾರ ಮಾಡು. ಹಲ್ಲಿಲೆ ಕಡದಾಳ ಅಂತ ಬರದ್ರ, ಅವನ ಕೈ ಆಕಿ ಬಾಯಿಗೆ ಹ್ಯಾಂಗ ಬಂತು ಅಂತ ಯಾರರ ಕೇಳಬೇಕಾಗ್ತೈತಿ. ಕತ್ತರಿಲೆ ಕಡದಾಳ ಅಂತ ಬರದ್ರ ಯಾರೂ ಏನೂ ಕೇಳೂ ಹಂಗಿಲ್ಲ. ಒಂದ ಶಬ್ದ ಅಂಜಿ. ಹಲ್ಲು ಅಂದ್ರ ಅಂವ ಗುನ್ನೇದಾರ, ಕತ್ತರಿ ಅಂದ್ರ ನಾ ಗುನ್ನೇದಾರ. ಇದು ನಿನ್ನ ಪುಸ್ತಕದಾಗ ಯಾವ ಕಲಮಿನ್ಯಾಗ ಐತಿ?

ಸರಕಾರದವರು ನನಗ ಪುಕ್ಕಟೆ ಕೊಟ್ಟ ವಕೀಲಿ ವೈಶಾಲಿ ಅಂತ ಅದಾಳ, ಸಣ್ಣ ವಯಸ್ಸಿನಾಕಿ. ನನ್ನ ಹೇಳಿಕಿ ಆಕಿನ ಓದಿ ಹೇಳಿದ್ಲು. 'ಅಲ್ಲಿಯೇ ಇದ್ದ ಕತ್ತರಿಯಿಂದ ಆತನ ಕೈಯನ್ನು ಕಡಿದಿರುತ್ತೇನೆ.' ಕೇಳಿದ ಕೂಡಲೆ ಠಾಣೆಗೆ ಓಡಿದೆ. ಸಾಹೇಬ್ರ, ಹಲ್ಲಿಲೆ ಕಡದೇನ್ರಿ, ತಿದ್ರಿ ಅಂದೆ. ಫೌಜದಾರ ಸಾಹೇಬ್ರು ಮೈಸೂರ ಸೀಮಿಯವರು, ಈ ಕಡಿಗೆ ಹೊಸಬ್ರು. 'ಕಚ್ಚಿದೆ ಅಂತ ಹೇಳಬೇಕಿತ್ತಮ್ಮ, ಕಡಿದೆ ಅಂದ್ರೆ ನಾವೇನು ತಿಳ್ಕೊಳ್ಳೋದು' ಅಂದ್ರು. ಮೊದಲ ತಿಳೀಲಿಲ್ಲ, ಒಪ್ಪತೀನಿ. ತಿಳದ ಮ್ಯಾಲ ಯಾಕ ತಿದ್ದಲಿಲ್ಲ? ಸಹಿ ಆಗಿದೆ, ಆಗಲ್ಲ ಅಂದ್ರು. ಇನ್ನೊಂದ ಮಾತ ಆಡಿದ್ದಕ್ಕ ಬಾಯಿ ಮುಚ್ಚು ಅಂದ್ರು. ನನ್ನ ಬಾಯಿ ಮುಚ್ಚಾಕ ಒಬ್ಬ ಬಂದದ್ದಕ್ಕ ಇಷ್ಟೆಲ್ಲಾ ಆಗೇತಿ, ನೀವೂ ಅದನ್ನ ಅಂತೀರಲ್ರಿ ಅಂದೆ. ಹೊರಗ ಹಾಕಿದ್ರು.

ನನ್ನ ಫಿರ್ಯಾದಿಗೆ ಒಂದ ಹಿಂಬರಹ ಕೊಟ್ಟು ಮುಗಿಸ್ಯಾರ. 'ಸದರಿ ಅರ್ಜಿಯಲ್ಲಿನ ಅಂಶಗಳು ವಿಚಾರಣೆಯಿಂದ ದೃಢಪಟ್ಟಿರುವುದಿಲ್ಲ.' ವಿಚಾರಣೆ ಅಂದ್ರ ಮಧುಮತಿನ್ನ ಕರದು ಕೇಳಿದ್ದು. ಆಕಿ ಏನೂ ನೋಡಿಲ್ಲ ಅಂದಾಳ. ಆಕಿಗೆ ನಾ ಬಯ್ಯೂದಿಲ್ಲ, ನಾಳೆ ಮುಂಜಾನಿ ಆಕಿ ಅದ ಶೆಡ್ಡಿಗೆ ಹೋಗಬೇಕು.

ಕತ್ತರಿ ಜಪ್ತಿ ಮಾಡ್ಯಾರ, ಫೋನ್ ಜಪ್ತಿ ಮಾಡ್ಯಾರ. ಖರೆ ಆಯುಧ ನನ್ನ ಬಾಯಾಗ ಹಂಗ ಐತಿ, ಅದನ್ನ ಯಾರೂ ಕೇಳಿಲ್ಲ.

ತಾರವ್ವ


ಚಾಮರಾಜನಗರ ಜಿಲ್ಲೆ
೯ ಏಪ್ರಿಲ್ ೨೦೨೫

ಅಕ್ಕಾ,

ನೀ ಬೈದದ್ದು ಸರಿ. ಇಲ್ಲಿಗೆ ಬಂದು ಇಷ್ಟು ವರ್ಷ ಆಯ್ತು, ನನ್ನ ಬಾಯಲ್ಲೂ ಈಗ 'ಕಚ್ಚೋದು' ಅಂತಾನೇ ಬರ್ತದೆ. ಎಫ್‌ಐಆರ್ ಓದಿಯಾದ ಮೇಲೆ ನಿನ್ನ ಪತ್ರದಲ್ಲಿ ನನಗೆ ಕತ್ತರಿನೇ ಕಾಣಿಸ್ತು.

ಆದ್ರೆ ಒಂದು ತಿಳ್ಕೋ. ಅವರು ನಿನ್ನ ಮಾತು ಬದಲಾಯಿಸಿಲ್ಲ, ಅದರ ಹಿಂದೆ ಒಂದು ಮಾತು ಸೇರಿಸಿದ್ದಾರೆ. ಎಲ್ಲಾ ಕಡೆ ಹಾಗೇ ನಡೀತದೆ. ಬಂದವರು ಅರ್ಧ ಹೇಳ್ತಾರೆ, ಅರ್ಧ ಅಳ್ತಾರೆ. ಬರೆಯೋರು ಪೂರ್ತಿ ಮಾಡ್ಕೋತಾರೆ, ಕಲಮಿಗೆ ಹೊಂದೋ ಹಂಗೆ. ಖರೆ ಬೇರೆ, ಸಾಬೀತು ಬೇರೆ. ನೀ ಹೇಳೋದು ಖರೆ ಅಂತ ನನಗೆ ಗೊತ್ತು. ಸಾಬೀತು ಮಾಡೋರು ಯಾರು? ಮಧುಮತಿ ಹೇಳಲ್ಲ. ಡಾಕ್ಟರು ಗಾಯ ಅಂತ ಬರೆದಿದ್ದಾರೆ, ಎದರಿಂದ ಅನ್ನೋದಕ್ಕೆ ಜೊತೆಗೆ ಬಂದವರು ಹೇಳಿದ್ದನ್ನೇ ಬರೆದಿದ್ದಾರೆ. ಕೇಸು ವರ್ಷಗಟ್ಟಲೆ ನಡೆದ್ರೆ ನಿನ್ನ ಹೊಟ್ಟೆಪಾಡು ಏನು?

ಬಾಳಾಸಾಹೇಬರು ಮನೆಗೆ ಬರ್ತಾರೆ. ಜಗಳ ತೆಗೀಬೇಡ. ತಪ್ಪಾಯ್ತು ಅಂತ ಒಂದು ಕಾಗದಕ್ಕೆ ಸಹಿ ಹಾಕು, ಫಿರ್ಯಾದಿಯ ಮಾತು ಇನ್ನೆತ್ತಬೇಡ. ಕಲ್ಮೇಶ ಕೋರ್ಟಲ್ಲಿ ಕರೆಂಟ್ ಹೋಗಿತ್ತು, ಯಾರು ಹೊಡೆದ್ರೋ ಕತ್ತಲಲ್ಲಿ ಕಾಣಲಿಲ್ಲ ಅಂತಾನೆ. ಕೇಸು ಬಿದ್ದು ಹೋಗ್ತದೆ. ನಿನಗೆ ಶಿಕ್ಷೆ ಇಲ್ಲ, ಮಗ್ಗ ವಾಪಸ್ಸು. ನನ್ನ ಮಾತು ಕೇಳು, ಇದೊಂದು ಸಲ.

ಅಂಜನಾ


ರಬಕವಿ
೪ ಮೇ ೨೦೨೫

ಮಹಿಳಾ ಪೊಲೀಸ್ ಅಂಜನಾ ಅವರಿಗೆ ತಾರವ್ವ ಮಾಡೂ ನಮಸ್ಕಾರರಿ.

ನೀವು ಬರದಂಗ ಬಾಳಾಸಾಹೇಬರು ಬಂದಿದ್ರು. ಅವರು ಬರೂದು ನಿಮಗ ಅಷ್ಟ ದೂರದಾಗ ಹ್ಯಾಂಗ ಮೊದಲ ಗೊತ್ತಾತು ಅಂತ ನಾ ವಿಚಾರ ಮಾಡಾಕತ್ತಿದ್ದೆ. ಅವರ ಹೇಳಿದ್ರು. 'ನಿನ್ನ ತಂಗಿ ವರ್ಗ ಆಗಿ ಇಲ್ಲೇ ಜಮಖಂಡಿಗೆ ಬರೂ ಆರ್ಡರ್ ತಯಾರ ಐತಿ ತಾರವ್ವ, ಮ್ಯಾಲಿನವರ ಕೂಡ ನಾನ ಮಾತಾಡೇನಿ. ನಿನ್ನ ಸಹಿ ಒಂದ ಬಾಕಿ' ಅಂದ್ರು. ಅಂದು, ನಕ್ರು. ನನಗ ಗೊತ್ತೈತಿ ಅಂತ ತಿಳಕೊಂಡಿದ್ರು ಪಾಪ.

ಮನಿಗೆ ಬಂದವರು ಅಂತ ಚಾ ಕುಡಿಸಿ ಕಳಸೇನ್ರಿ. ಸಹಿ ಮಾಡಿಲ್ರಿ.

ನೀವು ನನಗ ಶಿಕ್ಷಾ ಇಲ್ಲ ಅಂತ ಬರದೀರಿ. ಶಿಕ್ಷಾ ಅಂದ್ರ ಜೇಲು ಅಷ್ಟ ಅಂತ ನಿಮ್ಮ ಇಲಾಖೆದಾಗ ಕಲಿಸ್ತಾರೇನ್ರಿ? ಇಲ್ಲಿ ಯಾವ ಶೆಡ್ಡಿನ್ಯಾಗೂ ನನಗ ಮಗ್ಗ ಕೊಡವಲ್ರು. ಮನ್ಯಾಗ ಕುಂತು ಸೀರಿ ಸೆರಗಿಗೆ ಗೊಂಡೆ ಕಟ್ಟಾಕತ್ತೇನಿ. ಓಣ್ಯಾಗ ನನಗ 'ಕತ್ತರಿ ತಾರವ್ವ' ಅಂತ ಹೆಸರ ಬಿದ್ದೈತ್ರಿ. ಆ ಕಾಗದಕ್ಕ ಸಹಿ ಮಾಡಿದ್ರ ಆ ಹೆಸರು ನಾ ಸಾಯೂತನಕ ನನ್ನ ಬೆನ್ನ ಬಿಡೂದಿಲ್ಲ. ಕಲ್ಮೇಶ ಆ ಕೈ ಆರಿಸ್ಕೊಂಡು, ನಾಳೆ ಮಧುಮತಿ ಬಾಯಿ ಮ್ಯಾಲ ಇಡ್ತಾನ. ಆಕಿ ಕಡಿಯಾಕೂ ಅಂಜತಾಳ, ತಾರವ್ವನ ಗತಿ ನೋಡ್ಯಾಳಲ್ರಿ.

ಕೂಸಿನ ಸಲುವಾಗಿ ಹೂಂ ಅಂದೀರಿ, 'ಅವ್ವ ಬೇಗ ಬರ್ತಾಳ' ಅಂತ ಬರದದ್ದು ಈಗ ತಿಳೀತು. ನನ್ನ ಮುಂದ ಬಂದು ಅಕ್ಕಾ ಹಿಂಗೈತಿ ಅಂದಿದ್ರ ನಾ ಕೂಡಿ ಅಳತಿದ್ದೆ. ಹೇಳದ ಕೇಳದ ನನ್ನ ಮಾರಿದ್ರಿ. ಕಲ್ಮೇಶನ ಮ್ಯಾಲ ಇಲ್ಲದ ಸಿಟ್ಟು ನಿಮ್ಮ ಮ್ಯಾಲ ಐತ್ರಿ.

ತಾವು ದೊಡ್ಡವರು. ಇನ್ನ ಪತ್ರ ಬರೀಬ್ಯಾಡ್ರಿ.

ತಾರವ್ವ, ಆರೋಪಿ


ಚಾಮರಾಜನಗರ ಜಿಲ್ಲೆ
೧೮ ಮೇ ೨೦೨೫

ಅಕ್ಕಾ,

ರೀ ಅನ್ನಬೇಡ. ಬೈ, ಶಾಪ ಹಾಕು, ಆ ರೀ ಒಂದು ತಗೀ.

ಅಂಜಿ


ಚಾಮರಾಜನಗರ ಜಿಲ್ಲೆ
೬ ಜುಲೈ ೨೦೨೫

ಅಕ್ಕಾ,

ನೀ ಉತ್ತರ ಬರೀಲಿಲ್ಲ. ಬರೀಬ್ಯಾಡ ಅಂದ್ರೂ ನಾ ಬರೀತೀನಿ.

ಹೋದ ವಾರ ನಮ್ಮ ಠಾಣೆಗೆ ಹೂವಿನ ಹೊಲದಾಗ ಕೂಲಿ ಮಾಡೂ ಒಬ್ಬಾಕಿ ಬಂದಿದ್ಲು. ಮೇಸ್ತ್ರಿ ಸೆರಗ ಹಿಡದು ಎಳದ, ನಾನು ಮಣ್ಣು ಎರಚಿದೆ ಅಂದ್ಲು. ನನ್ನ ಕೈ ತಾನ ಬರ್ಯಾಕ ಹತ್ತಿತು, 'ಪರಸ್ಪರ ವಾಗ್ವಾದ ನಡೆದು.' ದಿನಾ ಬರ್ಯೂ ಮಾತು ಅದು, ವಿಚಾರ ಮಾಡದ ಬರ್ತೈತಿ. ಪರಸ್ಪರ ಅಂದ್ರ ಇಬ್ಬರೂ. ಸೆರಗ ಎಳದಾಂವ ಒಬ್ಬ, ಇಬ್ಬರೂ ಯಾಕ ಆದ್ರು? ಆಕಿ ನನ್ನ ಪೆನ್ನಿನ ತುದಿ ನೋಡಕೋತ ಕುಂತಿದ್ಲು. ಓದಾಕ ಬರೂದಿಲ್ಲ ಆಕಿಗೆ. ನಾ ಏನ ಬರದ್ರೂ ಹೆಬ್ಬಟ್ಟು ಒತ್ತತಿದ್ಲು. ಆ ಹಾಳಿ ಹರದು ಆಕಿ ಅಂದಂಗ ಬರದೆ.

ಅವತ್ತ ವರ್ಗಾವಣೆ ಅರ್ಜಿ ಹಿಂದಕ್ಕ ತಗೊಂಡೆ. ಬಾಳಾಸಾಹೇಬರಿಗೆ ಫೋನ್ ಮಾಡಿ ನಿಮ್ಮ ಉಪಕಾರ ಬ್ಯಾಡ್ರಿ ಅಂದೇನಿ. ಕೂಸಿನ್ನ ದಸರಾ ಸೂಟಿಗೆ ಇಲ್ಲೇ ಕರಕೊಂಡು ಬರ್ತೀನಿ, ಇಲ್ಲಿನ ಸಾಲಿಗೆ ಹಚ್ಚತೀನಿ. ಸಣ್ಣ ಖೋಲಿ, ಹೊಂದಕೋತೀವಿ.

ಈಗ ನಾ ಮೊದಲ ಹೇಳಬೇಕಾಗಿದ್ದ ಮಾತು ಕೇಳು. ಪೊಲೀಸರ ಮುಂದ ನೀ ಒಪ್ಪಿಕೊಂಡದ್ದು ಕೋರ್ಟಿನ್ಯಾಗ ನಿನ್ನ ಮ್ಯಾಲ ನಡಿಯೂದಿಲ್ಲ. ವೈಶಾಲಿಗೆ ಅದು ಗೊತ್ತಿರ್ತೈತಿ, ಕೇಳು. ಇನ್ನೊಂದು, ನಿನ್ನ ಫಿರ್ಯಾದಿ ಆ ಠಾಣೆದಾಗನ ಕೊಡಬೇಕಂತಿಲ್ಲ. ಝೀರೋ ಎಫ್‌ಐಆರ್ ಅಂತಾರ, ಯಾವ ಊರಿನ ಠಾಣೆದಾಗರ ಕೊಡಬಹುದು. ಅವರು ಬರಕೊಂಡು ನಿಮ್ಮಲ್ಲಿಗೆ ಕಳಸಬೇಕು, ಆಮ್ಯಾಲ ಅದನ್ನ ಹಿಂಬರಹ ಕೊಟ್ಟು ಮುಚ್ಚಿ ಹಾಕೂ ಹಂಗಿಲ್ಲ.

ಇಲ್ಲಿಗೆ ಬಾ ಅಕ್ಕಾ. ನಾ ಬರೀಬಾರದು, ಒಡಹುಟ್ಟಿದಾಕಿ. ಬ್ಯಾರೆಯವರು ಬರೀತಾರ. ನಾ ಬಾಜೂಕ ನಿಂತು ಆ ಒಂದ ಶಬ್ದ ಕಾಯ್ತೀನಿ.

ಅಂಜಿ


ರಬಕವಿ
೩೦ ಆಗಸ್ಟ್ ೨೦೨೫

ಅಂಜೀ,

ನಿನ್ನ ಊರಿಂದ ಬಂದ ಮ್ಯಾಲ ನಡ ಹಿಡಕೊಂಡೈತಿ. ಏನ ದೂರ ಬೇ ಅದು, ಬಸ್ಸಿನ್ಯಾಗ ಕುಂತು ಕುಂತು ಅರ್ಧ ಮುದುಕಿ ಆದೆ.

ಆದ್ರೂ ನೆನಿಸಿಕೊಂಡ್ರ ಇನ್ನೂ ನಗು ಬರ್ತೈತಿ. ಬರ್ಯೂ ಹುಡುಗ ಪೆನ್ ನಿಂದ್ರಿಸಿ 'ಕಡಿದೆ ಅಂದ್ರೆ ಏನ್ ಮೇಡಂ' ಅಂತ ನಿನ್ನ ಮಾರಿ ನೋಡಿದ. ನೀ ಖಾಕಿ ಹಾಕ್ಕೊಂಡು, ಠಾಣೆ ನಡುವ ನಿಂತು, ಹಲ್ಲು ಕಟಕ್ ಅಂತ ಕಡದು ತೋರಿಸಿದಿ. ಥೇಟ್ ಅವ್ವ. ಆ ಕಟಕ್ ಕೇಳಿದ ಮ್ಯಾಲ ನಿನ್ನ ಮ್ಯಾಲಿನ ಸಿಟ್ಟು ಇಳೀತು. ಪೂರ್ತಿ ಇಳದಿಲ್ಲ, ಹಬ್ಬಕ್ಕ ಬಂದಾಗ ಮಿಕ್ಕದ್ದು ಬೈತೀನಿ.

ಆ ಎಫ್‌ಐಆರ್ ಇಲ್ಲಿಗೆ ಬಂತು. ಕಲ್ಮೇಶನ ಮ್ಯಾಲ ಈಗ ಕೇಸ್ ಆಗೇತಿ. ಆದ್ರ ಅಂವ ಒಂದ ದಿನಾನೂ ನೆಲದ ಮ್ಯಾಲ ಕುಂತಿಲ್ಲ, ಮನ್ಯಾಗ ಇದ್ದಕೊಂಡ ಜಾಮೀನ ತಗೊಂಡ. ಮಗ್ಗ ಅವರಪ್ಪಂದು, ಕಾರು ಅವರಪ್ಪಂದು. ಅವನ ಫೋನ್ ಯಾರೂ ಜಪ್ತಿ ಮಾಡಿಲ್ಲ. ನ್ಯಾಯ ಸಿಕ್ತು ಅಂತ ನಾ ಹಿಗ್ಗೂದಿಲ್ಲ. ನನ್ನ ಮ್ಯಾಲಿನ ಕೇಸೂ ಹಂಗ ನಡದೈತಿ.

ನಿನ್ನೆ ಅದರ ತಾರೀಖ ಇತ್ತು. ವೈಶಾಲಿ ನನಗ ಹೇಳಿದ್ಲು, ಅಕ್ಕಾರ, ಇವತ್ತು ಆರೋಪ ಓದಿ ಹೇಳ್ತಾರ, ತಪ್ಪು ಒಪ್ಪಿಕೊಳ್ತೀರಾ ಅಂತ ಕೇಳ್ತಾರ, ಇಲ್ಲ ಅಂದ್ರ ಸಾಕು ಅಂತ. ಹೂಂ ಅಂದಿದ್ದೆ.

ಕಲ್ಮೇಶನೂ ಬಂದು ಹಿಂದ ಕುಂತಿದ್ದ. ನನ್ನ ಹೆಸರ ಕೂಗಿದ್ರು. ಜಜ್ ಸಾಹೇಬ್ರು ಓದಿದ್ರು, ಕತ್ತರಿ, ಮಾರಕಾಯುಧ, ಎಲ್ಲಾ ಓದಿದ್ರು. ತಪ್ಪು ಒಪ್ಪಿಕೊಳ್ತೀರಾ ಅಂದ್ರು. ಬಾಯಾಗ ಇಲ್ಲ ಅಂತ ಬರಬೇಕಾಗಿತ್ತು. ಬರಲಿಲ್ಲ ಅಂಜಿ. ಕಡದದ್ದು ಖರೆ ರೀ, ತಪ್ಪ ಅಲ್ರಿ ಅಂದೆ.

ವೈಶಾಲಿ ಹಣಿ ಮ್ಯಾಲ ಕೈ ಇಟ್ಕೊಂಡ್ಲು. ಗುಮಾಸ್ತ ಅದಾಗಲೇ ಬರದಿದ್ದ, 'ಆರೋಪವನ್ನು ನಿರಾಕರಿಸಿದ್ದಾಳೆ' ಅಂತ. ಓದಿ ಹೇಳಿ ಸಹಿ ಮಾಡು ಅಂದ. ನಾ ಮಾಡಲಿಲ್ಲ. ಒಮ್ಮೆ ಓದಸದ ಸಹಿ ಮಾಡಿ ಇಲ್ಲೀತನಕ ಬಂದೇನ್ರಿ, ನಾ ನಿರಾಕರಿಸಿಲ್ಲ ಅಂದೆ. ಹೂಂ ಅನಬೇಕು ಇಲ್ಲಾ ಊಹೂಂ ಅನಬೇಕು, ನೀ ಹೇಳೂದನ್ನ ಎಲ್ಲಿ ಬರೀಲಿ ಅಂದ. ಹಿಂದ ಕುಂತ ಮಂದಿ ನಕ್ರು. ನನಗ ಕಣ್ಣಾಗ ನೀರ ಬಂತು, ಸಿಟ್ಟಿನ ನೀರು. ಕತ್ತರಿಲೆ ಅಲ್ರಿ, ಹಲ್ಲಿಲೆ ಕಡದೇನ್ರಿ, ಅಷ್ಟ ಬರೀರಿ, ಆಮ್ಯಾಲ ಜೇಲಿಗೆ ಹಾಕ್ರಿ ಅಂದೆ. ದನಿ ಜೋರ ಆತು. ಪೊಲೀಸ ಒಬ್ಬ ಬಾಯಿ ಮುಚ್ಚು ಅಂತ ಮುಂದ ಬಂದ.

ಜಜ್ ಸಾಹೇಬ್ರು ಅವಗ ಹಿಂದ ಸರಿ ಅಂತ ಕೈ ಮಾಡಿದ್ರು. ಚಸ್ಮಾ ತಗದು ನನ್ನ ನೋಡಿದ್ರು. ಇವರು ಹೇಳಿದ ಹಾಗೇ ಬರೀರಿ ಅಂತ ಗುಮಾಸ್ತಗ ಹೇಳಿದ್ರು. ಆಮ್ಯಾಲ ನನಗ ಕೇಳಿದ್ರು, 'ಹಲ್ಲಿನಿಂದ ಅಂತೀರಿ. ಅವರ ಕೈ ನಿಮ್ಮ ಬಾಯಿಗೆ ಹೇಗೆ ಬಂತು?'

ಫೌಜದಾರ ಕೇಳಲಿಲ್ಲ, ದವಾಖಾನ್ಯಾಗ ಕೇಳಲಿಲ್ಲ, ನೀನೂ ಮೊದಲ ಕೇಳಲಿಲ್ಲ. ಕಡೀಕ ಒಬ್ಬರು ಕೇಳಿದ್ರು. ವೈಶಾಲಿ ಎದ್ದು, ಅದು ಸಾಕ್ಷಿ ಹೊತ್ತಿನ್ಯಾಗ ಬರ್ತೈತಿ ಅಂತ ಏನೋ ಹೇಳಾಕತ್ತಿದ್ಲು. ನಾ ಇನ್ನೂ ಬಾಯಿ ತಗದಿರಲಿಲ್ಲ. ಕೋರ್ಟಿನ ಮಂದಿ ಎಲ್ಲಾ ಹಿಂದಕ್ಕ ತಿರಗಿ ಕಲ್ಮೇಶನ ನೋಡಿದ್ರು.

ಅಂವ ಆ ಕೈ ಕಿಸೇದಾಗ ಹಾಕ್ಕೊಂಡ.

ನಿಮ್ಮಕ್ಕ
ತಾರವ್ವ